ಲಿನಕ್ಸ್ ಹೋಸ್ಟ್‌ನೇಮ್ ಮಾಯವಾದರೆ ಯಾವ ದಾರಿ ಮೇಲು?

ಅಪ್‌ಗ್ರೇಡ್ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಕಂಪ್ಯೂಟರ್‌ನ ಹೆಸರು, ಅಂದರೆ ಹೋಸ್ಟ್‌ನೇಮ್, ಇರಬೇಕಾದ ಕಡೆ ಬರೀ 'ಲೋಕಲ್‌ಹೋಸ್ಟ್' ಎಂದು ಬರುತ್ತಿತ್ತು. ಸರಿಪಡಿಸಲು ಇರುವ ದಾರಿಗಳನ್ನೆಲ್ಲ ಅದೇ ಯಂತ್ರದಲ್ಲಿ ಮಾಡಿ ನೋಡಿದೆ. ಗಮನಿಸಿದ್ದು ಎರಡೇ: ರೀಬೂಟ್ ಆದ ಮೇಲೂ ಹೆಸರು ಉಳಿಯುತ್ತದೆಯೇ, ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸಾಧನ) ತಕರಾರಿಲ್ಲದೆ ಓಡುತ್ತದೆಯೇ.

'ಹೋಸ್ಟ್‌ನೇಮ್' ಕಮಾಂಡ್ ಕೊಟ್ಟು ಮುಂದೆ ಹೆಸರು ಬರೆಯುವುದು ಎಲ್ಲಕ್ಕಿಂತ ಬೇಗ. ಆದರೆ ಆ ಹೆಸರು ಚಾಲನೆಯಲ್ಲಿರುವ ಕರ್ನಲ್‌ನಲ್ಲಷ್ಟೇ (ಸಿಸ್ಟಮ್‌ನ ತಿರುಳಿನಲ್ಲಷ್ಟೇ) ಇರುತ್ತದೆ, ಡಿಸ್ಕ್‌ಗೆ ಇಳಿಯುವುದಿಲ್ಲ. ರೀಬೂಟ್ ಆದರೆ ಹೋಯಿತು. ಇದನ್ನು ರಿಪೇರಿ ಎನ್ನಲಾರೆ.

ಇಟಿಸಿ ಫೋಲ್ಡರ್‌ನ ಹೋಸ್ಟ್‌ನೇಮ್ ಫೈಲ್ ತೆರೆದು ಅದರಲ್ಲಿ ಹೆಸರು ಬರೆಯುವುದು ಇದಕ್ಕೆ ತದ್ವಿರುದ್ಧ: ಉಳಿಯುತ್ತದೆ, ಆದರೆ ಮುಂದಿನ ಬೂಟ್‌ವರೆಗೆ ಕಾಣಿಸುವುದಿಲ್ಲ. ಸಿಸ್ಟಮ್ ಬೂಟ್ ಆಗದೆ ಪೆನ್‌ಡ್ರೈವ್‌ನಿಂದ ಒಳಹೊಕ್ಕಾಗ ಮಾತ್ರ ಇದೇ ಗತಿ, ಏಕೆಂದರೆ ಡಿಸ್ಕ್‌ನಲ್ಲಿರುವ ಆ ಸಿಸ್ಟಮ್‌ನ ಮೇಲೆ ಹೆಸರು ಬದಲಿಸುವ ಇನ್ನೊಂದು ಕಮಾಂಡ್ ಆದ ಹೋಸ್ಟ್‌ನೇಮ್‌ಸಿಟಿಎಲ್ ಅಲ್ಲಿಂದ ಕೆಲಸ ಮಾಡುವುದಿಲ್ಲ.

ನನ್ನ ಆಯ್ಕೆ ಆ ಹೋಸ್ಟ್‌ನೇಮ್‌ಸಿಟಿಎಲ್. 'ಸೆಟ್-ಹೋಸ್ಟ್‌ನೇಮ್' ಜೊತೆ ಹೆಸರು ಕೊಟ್ಟರೆ ಫೈಲ್ ಮತ್ತು ಕರ್ನಲ್ ಎರಡನ್ನೂ ಒಂದೇ ಸಲ ಬದಲಿಸುತ್ತದೆ. ಹೊಸ ಟರ್ಮಿನಲ್ ತೆರೆದರೆ ಹೆಸರು ಬಂದಿರುತ್ತದೆ. ಅದಕ್ಕಿಂತ ಮುಖ್ಯವಾಗಿ ರೋಗ ಎಲ್ಲಿದೆ ಎಂಬುದನ್ನೂ ಇದು ತೋರಿಸುತ್ತದೆ. ಮುಂದೇನೂ ಬರೆಯದೆ ಬರೀ ಕಮಾಂಡ್ ಓಡಿಸಿ: 'ಸ್ಟ್ಯಾಟಿಕ್' (ಫೈಲ್‌ನಲ್ಲಿ ಉಳಿದಿರುವ ಹೆಸರು) ಸಾಲಿನಲ್ಲಿ 'ಅನ್‌ಸೆಟ್' ಎಂದಿದ್ದು, 'ಟ್ರಾನ್ಸಿಯೆಂಟ್' (ತಾತ್ಕಾಲಿಕ ಹೆಸರು) ಸಾಲಿನಲ್ಲಿ ಬೇರೇನೋ ಇದ್ದರೆ, ನೀವು ಕೊಟ್ಟ ಹೆಸರು ಅಳಿಸಿಹೋಗಿದೆ ಎಂದರ್ಥ. ಈಗ ಕಾಣುತ್ತಿರುವುದು ಡಿಎಚ್‌ಸಿಪಿಯಿಂದ (ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆಯಿಂದ) ಬಂದದ್ದು ಅಥವಾ ಸಿಸ್ಟಮ್‌ನ ಡೀಫಾಲ್ಟ್ ಹೆಸರು. ಮೆನು ಬೇಕೆನ್ನುವವರಿಗೆ ನೆಟ್‌ವರ್ಕ್ ಸೆಟ್ಟಿಂಗ್‌ಗಳ ಟರ್ಮಿನಲ್ ಮೆನು ಎನ್‌ಎಂಟಿಯುಐ ಇದೆ, ಫಲ ಅದೇ.

ಇಷ್ಟಾದರೂ ಡೆಬಿಯನ್, ಉಬುಂಟು ಬಳಗದಲ್ಲಿ 'ಅನೇಬಲ್ ಟು ರಿಸಾಲ್ವ್ ಹೋಸ್ಟ್' ಎಂದು ಸುಡೊ ಗೊಣಗಬಹುದು. ಹೋಸ್ಟ್‌ನೇಮ್‌ಸಿಟಿಎಲ್ ಇಟಿಸಿಯಲ್ಲಿನ ಹೋಸ್ಟ್ಸ್ ಫೈಲನ್ನು (ಹೆಸರಿಗೆ ವಿಳಾಸ ಜೋಡಿಸುವ ಪಟ್ಟಿಯನ್ನು) ಮುಟ್ಟುವುದಿಲ್ಲ. 127.0.1.1 ಇರುವ ಸಾಲಿನಲ್ಲಿ ಅದೇ ಹೆಸರನ್ನು ಕೈಯಾರೆ ಬರೆಯಬೇಕು. ಸಾಲೇ ಇಲ್ಲದಿದ್ದರೆ ಸೇರಿಸಬೇಕು. ಫೆಡೋರಾದಲ್ಲಿ ಮೈಹೋಸ್ಟ್‌ನೇಮ್ ಎಂಬ ಎನ್‌ಎಸ್‌ಎಸ್ (ಹೆಸರು ಹುಡುಕುವ ವ್ಯವಸ್ಥೆ) ಮಾಡ್ಯೂಲ್ ಇದನ್ನು ತಾನೇ ನಿಭಾಯಿಸುವುದರಿಂದ ಈ ಗೋಜಿಲ್ಲ.

ಬಾಡಿಗೆ ಸರ್ವರ್‌ಗಳ ಕಥೆ ಬೇರೆ. ಅಲ್ಲಿ ಕ್ಲೌಡ್-ಇನಿಟ್ (ಸರ್ವರ್ ಅನ್ನು ತಾನೇ ಸಜ್ಜುಗೊಳಿಸುವ ಪ್ರೋಗ್ರಾಂ) ಇದ್ದರೆ ಬೂಟ್ ಆಗುವಾಗ ಹಳೆಯ ಹೆಸರನ್ನೇ ಮತ್ತೆ ಹೇರಬಹುದು. ಕ್ಲೌಡ್ ಡಾಟ್ ಸಿಎಫ್‌ಜಿ ಫೈಲಿನಲ್ಲಿ 'ಪ್ರಿಸರ್ವ್ ಅಂಡರ್‌ಸ್ಕೋರ್ ಹೋಸ್ಟ್‌ನೇಮ್' ಮೌಲ್ಯವನ್ನು ಟ್ರೂ ಮಾಡಿ, ಆಮೇಲೆ ಹೆಸರಿಡಿ.