ಸುಮೊ ಪೈಲ್ವಾನರ ಪಕ್ಕದಲ್ಲಿ ಮಲಗಿ ಎದ್ದ ಮೇಲೆ: ಜಪಾನಿನ ಮೂರು ಕಲಾ ಹೋಟೆಲ್‌ಗಳು

"ಮಲಗೋಕೆ ಇಷ್ಟು ದುಡ್ಡಾ?" ಅಂತ ತಂಗಿ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಜಪಾನಿನಲ್ಲಿ ಬಿಸಿನೆಸ್ ಹೋಟೆಲ್ ಅಂದರೆ ಹನ್ನೆರಡು ಚದರ ಮೀಟರಿನ ಕೋಣೆ, ಒಂದು ಹಾಸಿಗೆ, ಒಂದೇ ಅಚ್ಚಿನಲ್ಲಿ ಎರೆದಂಥ ಪ್ಲಾಸ್ಟಿಕ್ ಬಚ್ಚಲು. ಚೊಕ್ಕಟ, ಅಗ್ಗ. ಹೇಗೂ ಹಗಲೆಲ್ಲ ಊರು ಸುತ್ತುತ್ತೇವೆ. ಗೋಡೆ ಮೇಲಿನ ಚಿತ್ರಕ್ಕೆ ಅಂತ ಜಾಸ್ತಿ ಕೊಡುವುದು ಅವಳ ಲೆಕ್ಕಕ್ಕೆ ಹೊಂದಲಿಲ್ಲ.

ನನಗೆ ಈ ಆಸೆ ಹತ್ತಿದ್ದು ಶ್ರೀರಂಗಪಟ್ಟಣದಲ್ಲಿ. ಚಿಕ್ಕವಳಿದ್ದಾಗ ದರಿಯಾ ದೌಲತ್‌ಗೆ ಹೋದಾಗಲೆಲ್ಲ ಆ ಗೋಡೆ ಮುಂದೆ ನಿಂತುಬಿಡುತ್ತಿದ್ದೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಎತ್ತ ನೋಡಿದರೂ ಕುದುರೆ, ಕತ್ತಿ, ಪೇಟ. ಇಲ್ಲೇ ಒಂದು ಚಾಪೆ ಹಾಸಿಕೊಂಡು ರಾತ್ರಿ ಮಲಗಿದರೆ ಹೇಗಿರುತ್ತೆ ಅನಿಸುತ್ತಿತ್ತು. ಅಲ್ಲಿ ಮುಟ್ಟೋಕೂ ಬಿಡಲ್ಲ. ಜಪಾನಿನಲ್ಲಿ ಕೆಲವರು ಮಲಗೋಕೆ ಬಿಡುತ್ತಾರೆ ಅಂತ ಗೊತ್ತಾದ ಮೇಲೆ ತಂಗಿಯ ಲೆಕ್ಕವನ್ನು ಪಕ್ಕಕ್ಕಿಟ್ಟೆ.

ಒಟ್ಟು ಐದು ರಾತ್ರಿ, ಮೂರು ಹೋಟೆಲ್. ಟೋಕಿಯೊದಲ್ಲಿ ಎರಡು ರಾತ್ರಿ, ಕ್ಯೋಟೊದಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು.

ಮೊದಲು ಪಾರ್ಕ್ ಹೋಟೆಲ್ ಟೋಕಿಯೊ. ಶಿಯೊದೊಮೆ ಮೀಡಿಯಾ ಟವರ್ ಅನ್ನುವ ಕಟ್ಟಡದಲ್ಲಿದೆ. ಕೆಳಗಡೆ ಕ್ಯೋದೊ ಸುದ್ದಿಸಂಸ್ಥೆಯ ಕಚೇರಿ, ಹೋಟೆಲ್ ಶುರುವಾಗುವುದೇ 25ನೇ ಮಹಡಿಯಿಂದ. ಲಿಫ್ಟಿನಿಂದ ಹೊರಗೆ ಬಂದು ತಲೆ ಎತ್ತಿದರೆ ಮೇಲಿನವರೆಗೂ ನಡುವೆ ಪೂರ್ತಿ ಟೊಳ್ಳು, ಸುತ್ತ ಕೋಣೆಗಳ ಸಾಲು. ದೊಡ್ಡ ತೊಟ್ಟಿ ಮನೆಯನ್ನು ಎತ್ತಿ ಆಕಾಶದಲ್ಲಿ ಇಟ್ಟ ಹಾಗೆ.

2012ರ ಕೊನೆಯಲ್ಲಿ ಇವರು ಒಂದು ಕೆಲಸಕ್ಕೆ ಕೈ ಹಾಕಿದರು. ಕಲಾವಿದರೊಬ್ಬರನ್ನು ಕರೆಸಿ, ಹೋಟೆಲಿನಲ್ಲೇ ಉಳಿಸಿಕೊಂಡು, ಒಂದು ಕೋಣೆ ಬಿಟ್ಟುಕೊಟ್ಟು, ಗೋಡೆ ಮೇಲೇ ಬರೆಸುವುದು. ಚೌಕಟ್ಟು ಹಾಕಿ ಮೊಳೆ ಹೊಡೆಯುವುದಲ್ಲ. ಹೀಗೆ ಒಂದೊಂದಾಗಿ 31ನೇ ಮಹಡಿಯ 31 ಕೋಣೆಗಳು 2016ರ ಹೊತ್ತಿಗೆ ಮುಗಿದವು. ಝೆನ್, ಯೊಕಾಯ್ ಅನ್ನುವ ಜಪಾನಿ ದೆವ್ವಗಳು, ಹೀಗೆ ಕೋಣೆಗೊಂದು ವಿಷಯ. ಎಲ್ಲಕ್ಕಿಂತ ಮೊದಲಿನದು ಹಿರೊಯುಕಿ ಕಿಮುರಾ ಬರೆದ ಸುಮೊ ಕೋಣೆ. ನಮಗೆ ಅದೇ ಸಿಕ್ಕಿತು.

ಬಾಗಿಲು ತೆಗೆದ ಕೂಡಲೇ ತಂಗಿ "ಅಯ್ಯಪ್ಪಾ" ಅಂದಳು. ಬಿಳಿ ಗೋಡೆ, ಅದರ ಮೇಲೆ ಆನೆ ಗಾತ್ರದ ಪೈಲ್ವಾನರು. ನಮ್ಮಜ್ಜ ಮೈಸೂರಿನಲ್ಲಿ ಗರಡಿಗೆ ಹೋಗುತ್ತಿದ್ದವರು, ದಸರಾ ಕುಸ್ತಿ ಅಂದರೆ ಊಟ ಬಿಡುತ್ತಿದ್ದರು. ಅವರ ಬಾಯಲ್ಲಿ ಪಟ್ಟು, ಡಾವು ಅಂತ ಕೇಳಿ ಬೆಳೆದವರಿಗೆ ಸುಮೊ ಅರ್ಥವಾಗೋಕೆ ಐದು ನಿಮಿಷ ಸಾಕು. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿಸಬೇಕು. ಅವರಲ್ಲಿ ಅಂಗಾಲು ಬಿಟ್ಟು ಮೈಯ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು, 4.55 ಮೀಟರಿನ ವೃತ್ತದಿಂದ ಹೊರಗೆ ಕಾಲಿಟ್ಟರೂ ಸೋಲು. ತೂಕದ ವರ್ಗ ಅಂತೇನೂ ಇಲ್ಲ. ಅವರ ಕಣಕ್ಕೂ ಮಣ್ಣೇ ಬೇಕು. ಅಜ್ಜ ಇದ್ದಿದ್ದರೆ ಈ ಗೋಡೆಗೊಂದು ಕೈ ಮುಗಿದು ಮಲಗುತ್ತಿದ್ದರು.

ಆದರೆ ಮಲಗುವುದು ಬೇರೆ, ನೋಡುವುದು ಬೇರೆ. ಮೊದಲ ಅರ್ಧ ಗಂಟೆ ಫೋಟೊ. ಆಮೇಲೆ ಸೂಟ್‌ಕೇಸ್ ತೆಗೆದು, ಕೆಟಲಿನಲ್ಲಿ ನೀರು ಕಾಯಿಸಿ, ಮನೆಯಿಂದ ತಂದಿದ್ದ ಎಂಟಿಆರ್ ಉಪ್ಪಿಟ್ಟಿಗೆ ಸುರಿದೆವು. (ಸಸ್ಯಾಹಾರಿಗಳಿಗೆ ಒಂದು ಮಾತು: ಜಪಾನಿನ ಸಾರುಗಳಲ್ಲಿ ಸಾಮಾನ್ಯವಾಗಿ ದಾಶಿ ಅನ್ನುವ ಮೀನಿನ ರಸ ಇರುತ್ತೆ. ನಾಲ್ಕು ಪೊಟ್ಟಣ ಜಾಸ್ತಿಯೇ ಇಟ್ಟುಕೊಳ್ಳಿ.) ಸುಮೊ ಕೋಣೆ ತುಂಬ ಸಾಸಿವೆ ಕರಿಬೇವಿನ ವಾಸನೆ. ದೀಪ ಆರಿಸಿದ ಮೇಲೆ ನನಗೆ ಪೈಲ್ವಾನರು ಮರೆತೇ ಹೋದರು. ತಂಗಿಗೆ ಇಲ್ಲ. "ಕತ್ತಲಲ್ಲೂ ಅವರು ಅಲ್ಲೇ ಇದ್ದಾರೆ ಅಂತ ಗೊತ್ತಲ್ವಾ" ಅಂದಳು. ಗೋಡೆಗೆ ಬೆನ್ನು ಹಾಕಿ ಮಲಗಿದಳು. ಎರಡನೇ ರಾತ್ರಿ ಅವರಿಗೆ ಗುಡ್ ನೈಟ್ ಹೇಳಿದಳು.

ನಿದ್ದೆ ಬರದವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. 25ನೇ ಮಹಡಿಯ ಲಾಬಿಗೆ ಇಳಿದರೆ ಕಿಟಕಿಯಲ್ಲಿ ಟೋಕಿಯೊ ಟವರ್ ಕಾಣುತ್ತೆ. 333 ಮೀಟರ್ ಎತ್ತರ, 1958ರದ್ದು, ಕಿತ್ತಳೆ ಬಣ್ಣ. ರಾತ್ರಿ ಹನ್ನೆರಡಕ್ಕೆ ಅದರ ಬೆಳಕು ಆರುತ್ತೆ. ಆರುವುದನ್ನೇ ಕಾಯುತ್ತಾ ಕೂತಿದ್ದೆ. ಲಾಬಿಯಲ್ಲೂ ಚಿತ್ರ ಪ್ರದರ್ಶನ ಇರುತ್ತೆ, ಋತುವಿಗೊಮ್ಮೆ ಬದಲಾಗುತ್ತೆ. ಬೆಳಿಗ್ಗೆ ಹೊರಗೆ ಬಂದರೆ ಹತ್ತಿರದ ನಿಪ್ಪಾನ್ ಟಿವಿ ಕಟ್ಟಡಕ್ಕೆ ಅನಿಮೇಷನ್ ಚಿತ್ರಗಳ ನಿರ್ದೇಶಕ ಮಿಯಾಝಾಕಿ ಹಯಾವೊ ವಿನ್ಯಾಸದ ದೈತ್ಯ ತಾಮ್ರದ ಗಡಿಯಾರ. ದಿನಕ್ಕೆ ಕೆಲವು ಸಲ ಅದರೊಳಗಿನ ಗೊಂಬೆಗಳೆಲ್ಲ ಓಡಾಡುತ್ತವೆ. ಇದು ಪುಕ್ಕಟೆ.

ಎರಡನೆಯದು ಕ್ಯೋಟೊದ ಬಿಎನ್‌ಎ ಆಲ್ಟರ್ ಮ್ಯೂಸಿಯಮ್. ಬಿಎನ್‌ಎ ಅಂದರೆ ಬೆಡ್ ಅಂಡ್ ಆರ್ಟ್. ಟೋಕಿಯೊದ ಕೊಎಂಜಿಯಲ್ಲಿ ಎರಡೇ ಕೋಣೆಯ ಹೋಟೆಲ್ ಮಾಡಿದ್ದ ತಂಡ 2019ರಲ್ಲಿ ಇಲ್ಲಿ ಹತ್ತು ಮಹಡಿಯದ್ದನ್ನು ತೆರೆಯಿತು. ಇಲ್ಲೂ 31 ಕೋಣೆ. ಅದೇನು 31ರ ಮೋಹವೋ. ಜಾಗ ಮಾತ್ರ ಬಹಳ ಚೆನ್ನ. ಪಕ್ಕದಲ್ಲೇ ತಕಾಸೆ ಕಾಲುವೆ, ನಾನೂರು ವರ್ಷ ಹಿಂದೆ ಸರಕು ದೋಣಿಗಳಿಗಾಗಿ ತೋಡಿಸಿದ್ದು. ನಿಶಿಕಿ ಮಾರುಕಟ್ಟೆಗೆ ನಡೆದೇ ಹೋಗಬಹುದು.

ಪಾರ್ಕ್ ಹೋಟೆಲಿನಲ್ಲಿ ಮಾಮೂಲಿ ಕೋಣೆಯ ಗೋಡೆ ಮೇಲೆ ಚಿತ್ರ ಬಂದಿದೆ. ಇಲ್ಲಿ ಹಾಗಲ್ಲ. ಕೋಣೆಯೇ ಕೃತಿ. ನೀವು ಅದರೊಳಗೆ ಹಾಸಿಗೆ ಹುಡುಕಿಕೊಂಡು ಮಲಗುವವರು. ನಮ್ಮ ಕೋಣೆಯಲ್ಲಿ ಏನಿತ್ತು ಅಂತ ಹೇಳಲ್ಲ. ಹೇಳಿದರೆ ಮುಂದೆ ಹೋಗುವವರಿಗೆ ಬಾಗಿಲು ತೆಗೆಯುವ ಸುಖ ತಪ್ಪುತ್ತೆ. ಇಷ್ಟು ಹೇಳಬಲ್ಲೆ: ನಮ್ಮ 28 ಇಂಚಿನ ಸೂಟ್‌ಕೇಸ್ ಅಲ್ಲಿ ಕರೆಯದೇ ಬಂದ ನೆಂಟನ ಥರ ಕಂಡಿತು. ತಪ್ಪು ನಮ್ಮದೇ. ಜಪಾನಿನಲ್ಲಿ ಸಾಮಾನನ್ನು ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ಕೊರಿಯರ್‌ನಲ್ಲಿ ಕಳಿಸುವ ತಕ್ಯೂಬಿನ್ ವ್ಯವಸ್ಥೆ ಇದೆ. ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದಿದ್ದರೆ ಮುಗಿದುಹೋಗುತ್ತಿತ್ತು.

ನನ್ನ ಮನಸ್ಸು ಹಿಡಿದಿದ್ದು ಮಾತ್ರ ಕೋಣೆಯಲ್ಲ, ಮೆಟ್ಟಿಲು. ಹತ್ತು ಮಹಡಿಯ ಮೆಟ್ಟಿಲ ಸಾಲನ್ನೇ ಗ್ಯಾಲರಿ ಮಾಡಿದ್ದಾರೆ, ಸುಮಾರು 30 ಮೀಟರ್ ಎತ್ತರ. ಎಲ್ಲ ಕಟ್ಟಡದಲ್ಲೂ ಮೆಟ್ಟಿಲು ಅಂದರೆ ಬೆಂಕಿ ಬಿದ್ದಾಗ ನೆನಪಾಗುವ ಜಾಗ. ಪೊರಕೆ, ಬಕೆಟ್ ಇಡುವ ಜಾಗ. ಇಲ್ಲಿ ಒಂದೊಂದು ಮಹಡಿ ಇಳಿದ ಹಾಗೂ ಅದೇ ಕೃತಿ ಬೇರೆ ಮಗ್ಗುಲಿನಿಂದ ಕಾಣುತ್ತೆ. ಮೇಲಿಂದ ನೋಡಿದಾಗ ತಲೆ, ಕೆಳಗಿಂದ ನೋಡಿದಾಗ ಪಾದ. ಗೋಪುರ ನೋಡುವಾಗ ನಮಗೆ ಕುತ್ತಿಗೆ ನೋಯುತ್ತಲ್ಲ, ಗೋಪುರದ ಒಳಗೇ ಸುತ್ತಿ ಇಳಿಯೋಕೆ ಬಿಟ್ಟರೆ ಹೇಗೋ ಹಾಗೆ.

ಇನ್ನೊಂದು ವಿಷಯ, ನನ್ನ ಮಟ್ಟಿಗೆ ದೊಡ್ಡದು. ಈ ಕೋಣೆಗಳ ಬಾಡಿಗೆಯಲ್ಲಿ ಒಂದು ಪಾಲು ಕೋಣೆ ಮಾಡಿದ ಕಲಾವಿದರಿಗೆ ಹೋಗುತ್ತೆ. ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ, ಜನ ಬಂದು ಉಳಿದ ಹಾಗೆಲ್ಲ. ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಬದಿಯಲ್ಲಿ ಬಿಸಿಲಿಗೆ ಕೂತ ಹುಡುಗರ ಹತ್ತಿರ ನಾನೂ ಚೌಕಾಸಿ ಮಾಡಿದ್ದೇನೆ. ಚಿತ್ರ ಮಾರಿದ ಮೇಲೆ ಅದರ ಮೇಲೆ ಅವರಿಗೆ ಏನೂ ಇಲ್ಲ. ಚಿತ್ರವೇ ಮನೆ ಥರ ಬಾಡಿಗೆ ತರುತ್ತೆ ಅಂದರೆ? ತಂಗಿ ಕೂಡ ಇದನ್ನು ಕೇಳಿದ ಮೇಲೆ ದುಡ್ಡಿನ ಮಾತು ಎತ್ತಲಿಲ್ಲ.

ಮೂರನೆಯದು ಹೋಟೆಲ್ ಆಂಟೆರೂಮ್ ಕ್ಯೋಟೊ. ಇದು ಕ್ಯೋಟೊ ಸ್ಟೇಷನ್ನಿನ ದಕ್ಷಿಣಕ್ಕೆ, ಪ್ರವಾಸಿಗಳು ಸುಮ್ನೆ ಹೋಗದ ಕಡೆ. ಸ್ಟೇಷನ್ನಿನ ಹಾಚಿಜೊ ಬಾಗಿಲಿನಿಂದ ಕಾಲು ಗಂಟೆ ನಡಿಗೆ. ದಾರಿಯಲ್ಲಿ ದೇವಸ್ಥಾನ ಇಲ್ಲ, ಕಿಮೊನೊ ಹಾಕಿದವರಿಲ್ಲ. ಮನೆಗಳು, ಸಣ್ಣ ಪುಟ್ಟ ಅಂಗಡಿಗಳು, ಸೈಕಲ್ಲುಗಳು. ವಿದ್ಯಾರ್ಥಿಗಳ ಹಾಸ್ಟೆಲ್ ಆಗಿದ್ದ ಕಟ್ಟಡವನ್ನು 2011ರಲ್ಲಿ ಹೋಟೆಲ್ ಮಾಡಿದರು, 2016ರಲ್ಲಿ ಹೊಸ ಭಾಗ ಸೇರಿಸಿ 128 ಕೋಣೆ ಮಾಡಿದರು. ಲಾಬಿಯಲ್ಲಿ ಶಿಲ್ಪಿ ಕೊಹೆಯ್ ನವಾ ಮಾಡಿದ ಜಿಂಕೆ ನಿಂತಿದೆ. ಜಿಂಕೆಯ ಮೈಯೆಲ್ಲ ಗುಳ್ಳೆ ಎದ್ದು ಉಬ್ಬಿದ ಹಾಗೆ. ಮೊದಲು ಹೆದರಿಕೆ, ಆಮೇಲೆ ಪಾಪ ಅನಿಸುತ್ತೆ. ಗ್ಯಾಲರಿಯ ಹೆಸರು 9.5. ಕುಜೊ ಅಂದರೆ ಒಂಬತ್ತನೇ ಬೀದಿ, ಜೂಜೊ ಅಂದರೆ ಹತ್ತನೆಯದು. ಹೋಟೆಲ್ ಇರುವುದು ನಡುವೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ಮರದ ಹೆಸರಿನಲ್ಲಿ ದಾರಿ ಹೇಳುವ ಮಲ್ಲೇಶ್ವರದವಳು ನಾನು. ಲೆಕ್ಕ ಹಾಕಿ ಹೆಸರಿಡುವ ಈ ಊರು ಬಲು ಇಷ್ಟವಾಯಿತು.

ಇಲ್ಲೂ ಕಲಾವಿದರು ಮಾಡಿದ ಕೋಣೆಗಳಿವೆ, ಫೋಟೊಗ್ರಾಫರ್ ಮಿಕಾ ನಿನಾಗಾವಾ ಮಾಡಿದ್ದೂ ಇದೆ. ನಾವು ಬೇಕಂತಲೇ ಸಾದಾ ಕೋಣೆ ತೆಗೆದುಕೊಂಡೆವು. ಕಲೆ ಎಲ್ಲ ಹೊರಗೆ, ಕೋಣೆ ಸುಮ್ಮನೆ ಕೋಣೆ. ಜಿಂಕೆಯನ್ನು ದಿನಕ್ಕೆ ನಾಲ್ಕು ಸಲ ನೋಡಿದೆವು: ಹೋಗುವಾಗ, ಬರುವಾಗ, ತಿಂಡಿಗೆ, ನೀರಿಗೆ. ಒಂದೊಂದು ಹೊತ್ತಿನಲ್ಲಿ ಒಂದೊಂದು ಥರ ಕಂಡಿತು. ಸುಮೊ ಪೈಲ್ವಾನರನ್ನು ಅಷ್ಟು ಗಮನ ಕೊಟ್ಟು ನೋಡಿದ್ದು ಮೊದಲ ಅರ್ಧ ಗಂಟೆ ಮಾತ್ರ ಅಂತ ಆಗ ಹೊಳೆಯಿತು. ಇಪ್ಪತ್ತೊಂದನೇ ತಾರೀಕು ಇದ್ದುದರಿಂದ ಬೆಳಿಗ್ಗೆ ಎದ್ದು ತೋಜಿ ದೇವಸ್ಥಾನಕ್ಕೆ ನಡೆದೆವು. ಪ್ರತಿ ತಿಂಗಳು 21ಕ್ಕೆ ಅಲ್ಲಿ ಸಂತೆ. ಸುಮಾರು 55 ಮೀಟರಿನ ಐದಂತಸ್ತಿನ ಮರದ ಪಗೋಡ, ಕೆಳಗೆ ಹಳೇ ಕಿಮೊನೊ, ತುಕ್ಕು ಹಿಡಿದ ಚಾಕು, ಉಪ್ಪಿನಕಾಯಿ. ಯಾವ ಹೋಟೆಲೂ ಕೊಡದ ಗ್ಯಾಲರಿ.

ಇದಕ್ಕೆಲ್ಲ ಮೊದಲು ಒಸಾಕಾದಲ್ಲಿ ಒಂದು ಕಡೆ ಉಳಿದಿದ್ದೆವು, ಹೆಸರು ಬೇಡ. ಅದೂ ತನ್ನನ್ನು ಕಲಾ ಹೋಟೆಲ್ ಅಂತಲೇ ಕರೆದುಕೊಳ್ಳುತ್ತಿತ್ತು. ಗೋಡೆ ಮೇಲೆ ಪ್ರಿಂಟ್ ತೆಗೆದ ಸ್ಟಿಕ್ಕರು. ಮೂಲೆ ಕಿತ್ತು ಬಂದಿತ್ತು. ಸ್ವಿಚ್ಚುಗಳನ್ನು ಅಂದಕ್ಕೆ ಅಂತ ಎಲ್ಲೋ ಅಡಗಿಸಿದ್ದರು. ದೀಪ ಆರಿಸೋಕೆ ನಾವಿಬ್ಬರೂ ಗೋಡೆಯೆಲ್ಲ ತಡವಿದೆವು, ಕೊನೆಗೆ ದುಪಟ್ಟಾ ಕಣ್ಣಿಗೆ ಕಟ್ಟಿಕೊಂಡು ಮಲಗಿದೆವು. ಬಚ್ಚಲಿಗೆ ಪಾರದರ್ಶಕ ಗಾಜು. ಅಕ್ಕ ತಂಗಿಯರಾದರೂ ಸರದಿ ಪ್ರಕಾರ ಕಾರಿಡಾರಿನಲ್ಲಿ ನಿಂತೆವು. ಆ ರಾತ್ರಿಯಿಂದ ಪ್ರತಿ ಹೋಟೆಲಿನಲ್ಲಿ ಚಿತ್ರಕ್ಕಿಂತ ಮೊದಲು ಸ್ವಿಚ್ಚು ನೋಡುವ ಅಭ್ಯಾಸ ಆಯಿತು.

ಮಾಎಬಾಶಿ ಅನ್ನುವ ಊರಿನ ಶಿರೊಯಿಯಾ ಹೋಟೆಲನ್ನು ಹೊರಗಿಂದ ಬಂದವರಂತೆ ನೋಡಿ ಬಂದೆವು, ಉಳಿಯಲಿಲ್ಲ, ಅದು ನಮ್ಮ ಜೇಬಿನದ್ದಲ್ಲ. ಮುಚ್ಚಿಹೋಗಿದ್ದ ಹಳೆಯ ಹೋಟೆಲಿನ ಕಾಂಕ್ರೀಟ್ ಹೊಟ್ಟೆಯನ್ನು ವಾಸ್ತುಶಿಲ್ಪಿ ಸೊ ಫುಜಿಮೊಟೊ ಬಗೆದು ಟೊಳ್ಳು ಮಾಡಿದ್ದಾರೆ. ಒಳಗೆಲ್ಲ ಕಲಾವಿದ ಲಿಯಾಂಡ್ರೊ ಎರ್ಲಿಚ್ ಅವರ ಹೊಳೆಯುವ ಕೊಳವೆಗಳು. ಬರೀ ಅದನ್ನು ನೋಡೋಕೆ ಟೋಕಿಯೊದಿಂದ ಹೋಗಬಹುದು.

ಲೆಕ್ಕದ ಮಾತು. ಸುಮೊ ಕೋಣೆ ಅದೇ ಹೋಟೆಲಿನ ಮಾಮೂಲಿ ಕೋಣೆಗಿಂತ ದುಬಾರಿ. ಆಂಟೆರೂಮಿನ ಸಾದಾ ಕೋಣೆ ಮೂರರಲ್ಲಿ ನಮಗೆ ಅಗ್ಗವಾಗಿ ಬಿದ್ದದ್ದು. ಜಪಾನಿನಲ್ಲಿ ಬೆಲೆಯನ್ನು ಎಷ್ಟೋ ಕಡೆ ತಲೆಗೆ ಇಷ್ಟು ಅಂತ ಹಾಕುತ್ತಾರೆ, ಕೋಣೆಗೆ ಅಲ್ಲ. ಬುಕ್ ಮಾಡುವಾಗ ಎರಡು ಜನ ಅಂತ ಹಾಕಿಯೇ ನೋಡಿ. ಕ್ಯೋಟೊದಲ್ಲಿ 2018ರಿಂದ ತಂಗುವ ತೆರಿಗೆ ಬೇರೆ ಇದೆ. ಕೋಣೆ ದುಬಾರಿ ಆದಷ್ಟೂ ಅದೂ ಏರುತ್ತೆ.

ನನ್ನನ್ನು ಕೇಳಿದರೆ ಒಂದೇ ರಾತ್ರಿ ಇದ್ದರೆ ಬಿಎನ್‌ಎ, ಕೈಚೀಲದಲ್ಲಿ ಹೋಗಿ. ಎರಡು ಮೂರು ರಾತ್ರಿ ಅಂದರೆ ಆಂಟೆರೂಮ್, ಕಣ್ಣು ಮುಚ್ಚಿಕೊಂಡು. ಕೃತಿಯ ಒಳಗೆ ಮೂರು ದಿನ ಬಾಳುವಷ್ಟು ತಾಳ್ಮೆ ನನಗಿಲ್ಲ ಅಂತ ಗೊತ್ತಾಯಿತು, ದರಿಯಾ ದೌಲತ್ ಕಾವಲುಗಾರರು ನನ್ನನ್ನು ಓಡಿಸಿದ್ದೇ ಸರಿ. ತಂಗಿಯ ಓಟು ಮಾತ್ರ ಸುಮೊಗೆ. ಹೆದರಿದವಳೇ ಅವಳು, ಈಗ ಅವಳ ಫೋನಿನ ವಾಲ್‌ಪೇಪರ್ ಅದೇ ಗೋಡೆ. ಮುಂದಿನ ಸಲ ದೆವ್ವಗಳ ಕೋಣೆ ಬೇಕಂತೆ.

ಆ ಮುಂದಿನ ಸಲಕ್ಕೆ ಅಮ್ಮನನ್ನೂ ಕರೆದೊಯ್ಯುವ ಮಾತು ನಡೆದಿದೆ. ಮೂರೂ ಹೋಟೆಲಿನ ಫೋಟೊ ತೋರಿಸಿದೆವು. ಪೈಲ್ವಾನರು, ಮೆಟ್ಟಿಲು, ಗುಳ್ಳೆ ಜಿಂಕೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

"ಎಲ್ಲ ಸರಿ, ಬಚ್ಚಲಿನ ಫೋಟೊ ಎಲ್ಲಿ?" ಅಂದರು.