ಹಳೆಯ ಲೆಕ್ಸಸ್ ಎಲ್‌ಎಸ್ 400ರ ಇಸಿಯು ರಿಪೇರಿ: ಕೆಪಾಸಿಟರ್ ಬದಲಿಸಿದರೆ ಎಷ್ಟು ಕಾಲ ಬಾಳುತ್ತದೆ?

ಅಂಕ: 5ಕ್ಕೆ 4. ಕಳೆದ ಒಂದು ಅಂಕ ಕೆಪಾಸಿಟರ್‌ಗಳ ತಪ್ಪಿಗಲ್ಲ, ತೊಳೆಯದೆ ಬೆಸುಗೆ ಹಾಕಿ ಮುಚ್ಚುವ ಚಾಳಿಗೆ. ಈ ರಿಪೇರಿಯ ಆಯುಸ್ಸು ಯಾವ ಕಂಪನಿಯ ಕೆಪಾಸಿಟರ್ ಹಾಕಿದರು ಎನ್ನುವುದಕ್ಕಿಂತ, ಹಳೆಯದು ಬೋರ್ಡಿನ ಮೇಲೆ ಸೋರಿದ ದ್ರವ ಪೂರ್ತಿ ಹೋಗಿದೆಯೇ ಎನ್ನುವುದರ ಮೇಲೆ ನಿಂತಿದೆ.

1989ರಲ್ಲಿ ಬಂದ ಮೊದಲ ತಲೆಮಾರಿನ ಎಲ್‌ಎಸ್ 400ರಲ್ಲಿ 4 ಲೀಟರ್ ವಿ8 ಎಂಜಿನ್ನನ್ನೂ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ನೋಡಿಕೊಳ್ಳುವುದು ಒಂದೇ ಇಸಿಯು, ಅಂದರೆ ಕಾರಿನೊಳಗಿನ ಕಂಟ್ರೋಲ್ ಕಂಪ್ಯೂಟರ್. ಅದಕ್ಕೇ ಅದರ ಕಾಯಿಲೆಗೆ ಮುಖ ಹಲವು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಐಡ್ಲಿಂಗ್ ಏರಿಳಿಯುವುದು, ಕಪ್ಪು ಹೊಗೆ, ಸಿಗ್ನಲ್ ಬಳಿ ಎಂಜಿನ್ ತಾನಾಗಿ ನಿಂತುಬಿಡುವುದು, ಗೇರ್ ತಡವಾಗಿ ಬೀಳುವುದು ಅಥವಾ ಜರ್ಕ್ ಹೊಡೆಯುವುದು. ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ಇಸಿಯು ತೆರೆದು ನೋಡಿ. ತಣ್ಣಗಿದ್ದಾಗ ಕಾಟ ಕೊಟ್ಟು ಬಿಸಿಯಾದ ಮೇಲೆ ಸರಿಹೋಗುವ ಕಾರಾದರೆ ಅನುಮಾನ ಇನ್ನೂ ಗಟ್ಟಿ: ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗಿನ ಪ್ರತಿರೋಧ, ಅಂದರೆ ಇಎಸ್‌ಆರ್, ಚಳಿಯಲ್ಲಿ ಏರುತ್ತದೆ, ಬಿಸಿಯಲ್ಲಿ ಇಳಿಯುತ್ತದೆ.

ಮೂಲ ದೋಷ ಕಾರಿನ ವಿನ್ಯಾಸದ್ದಲ್ಲ. 80ರ ದಶಕದ ಕೊನೆಯಿಂದ 90ರ ಆರಂಭದವರೆಗೆ ಹಲವು ಕೆಪಾಸಿಟರ್‌ಗಳಲ್ಲಿ ಕ್ವಾಟರ್ನರಿ ಅಮೋನಿಯಂ ಲವಣದ ಎಲೆಕ್ಟ್ರೋಲೈಟ್, ಅಂದರೆ ಒಳಗಿನ ದ್ರವ, ಬಳಸಿದ್ದರು. ಅದು ಕಾಲಿನ ಬಳಿಯ ರಬ್ಬರ್ ಬಿರಡೆಯನ್ನು ದಾಟಿ ನಿಧಾನವಾಗಿ ಹೊರಬರುತ್ತದೆ. ಮೇಲ್ಭಾಗ ಉಬ್ಬುವುದಿಲ್ಲ. ಹಾಗಾಗಿ ಮೇಲಿಂದ ನೋಡಿ ‘ಚೆನ್ನಾಗಿದೆ’ ಎಂದು ಮುಚ್ಚಿಬಿಡುವವರೇ ಹೆಚ್ಚು. ನೋಡಬೇಕಾದದ್ದು ಬುಡ: ಬೆಸುಗೆಯ ಹೊಳಪು ಹೋಗಿ ಬೂದು ಬಣ್ಣ ಬಂದಿರುತ್ತದೆ, ಪಕ್ಕದ ತಾಮ್ರದ ಟ್ರ್ಯಾಕ್ ಕಪ್ಪಾಗಿ ಅಥವಾ ಹಸಿರಾಗಿರುತ್ತದೆ. ಸೋಲ್ಡರಿಂಗ್ ಐರನ್ ತಾಗಿಸಿದಾಗ ಕೊಳೆತ ಮೀನಿನ ವಾಸನೆ ಬಂದರೆ ಬೇರೆ ಸಾಕ್ಷಿ ಬೇಡ.

ಬಿಚ್ಚುವ ಮೊದಲು ಕಾರಿನಲ್ಲೇ ಅಳೆಯಿರಿ. ಡಯಾಗ್ನೋಸ್ಟಿಕ್ ಕನೆಕ್ಟರ್‌ನ ಟಿಇ1 ಮತ್ತು ಇ1 ಪಿನ್‌ಗಳನ್ನು ವೈರಿನಿಂದ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ ಚೆಕ್ ಎಂಜಿನ್ ದೀಪ ದೋಷದ ಕೋಡ್ ಮಿನುಗಿಸುತ್ತದೆ; ಕೋಡ್ ಇಲ್ಲದಿದ್ದರೆ ಸೆಕೆಂಡಿಗೆ ಎರಡು ಸಲ ಒಂದೇ ಲಯದಲ್ಲಿ ಮಿನುಗುತ್ತದೆ. ಜೋಡಣೆ ಇಲ್ಲದೆ ಇಗ್ನಿಷನ್ ಆನ್ ಮಾಡಿದಾಗಲೂ ದೀಪ ಹತ್ತಲೇ ಇಲ್ಲವೆಂದರೆ ಬಲ್ಬ್, ಫ್ಯೂಸ್, ಅರ್ತ್ ಮೊದಲು ನೋಡಿ. ಆಮೇಲೆ ಇಸಿಯು ಪಿನ್‌ಗಳಲ್ಲಿ ವಿದ್ಯುತ್ ಒಳಬರುವ +ಬಿ ಬ್ಯಾಟರಿ ವೋಲ್ಟೇಜಿನ ಹತ್ತಿರ ಇರಬೇಕು, ಸೆನ್ಸರ್‌ಗಳಿಗೆ ಹೋಗುವ ವಿಸಿ 4.5ರಿಂದ 5.5 ವೋಲ್ಟ್ ಒಳಗಿರಬೇಕು. ವಿಸಿ ಬಿದ್ದಿದ್ದರೆ ಥ್ರಾಟಲ್ ಸೆನ್ಸರ್‌ನ ಪ್ಲಗ್ ಕಿತ್ತು ಮತ್ತೆ ಅಳೆಯಿರಿ. ಆಗ ಸರಿಹೋದರೆ ಶಾರ್ಟ್ ಆಗಿರುವುದು ಸೆನ್ಸರ್ ಅಥವಾ ಅದರ ವೈರು, ಇಸಿಯು ನಿರಪರಾಧಿ. ಇನ್ನೊಂದು ಸುಲಭದ ಪರೀಕ್ಷೆ: ಈ ಎಂಜಿನ್‌ನ ಐಡ್ಲ್ ಕಂಟ್ರೋಲ್ ವಾಲ್ವ್‌ಗೆ ಸ್ಟೆಪ್ಪರ್ ಮೋಟಾರ್ ಇದೆ, ಕೀ ತಿರುಗಿಸಿ ಆಫ್ ಮಾಡಿದ ಮೇಲೆ ಅದನ್ನು ಮುಂದಿನ ಸ್ಟಾರ್ಟ್‌ಗೆ ಸಜ್ಜು ಮಾಡಲು ಇಸಿಯು ಮುಖ್ಯ ರಿಲೇಯನ್ನು ಸುಮಾರು 2 ಸೆಕೆಂಡ್ ಹಿಡಿದಿಟ್ಟಿರುತ್ತದೆ. ಕೀ ಆಫ್ ಆದ ಕ್ಷಣವೇ ರಿಲೇ ಬಿಟ್ಟುಬಿಟ್ಟರೆ ತೊಂದರೆ ಆ ರಿಲೇಯನ್ನು ಹಿಡಿದಿಡುವ ಸರ್ಕ್ಯೂಟಿನಲ್ಲಿದೆ.

ಇಸಿಯು ಇರುವುದು ಗ್ಲೋವ್ ಬಾಕ್ಸ್ ಹಿಂದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಏರ್‌ಬ್ಯಾಗ್ ಇರುವುದರಿಂದ ಕನಿಷ್ಠ 90 ಸೆಕೆಂಡ್ ಬಿಟ್ಟು ಕೈಹಾಕಿ. ಕನೆಕ್ಟರ್‌ಗಳ ಪ್ಲಾಸ್ಟಿಕ್ ಕೊಂಡಿ ಈ ವಯಸ್ಸಿಗೆ ಪೆಡಸಾಗಿರುತ್ತದೆ. ವೈರು ಹಿಡಿದು ಎಳೆಯಬೇಡಿ.

ಬೋರ್ಡ್ ಹೊರತೆಗೆದ ಕೂಡಲೇ ಎರಡೂ ಬದಿಯ ಫೋಟೋ ತೆಗೆದು, ಪ್ರತಿ ಕೆಪಾಸಿಟರ್‌ನ ಮೈಕ್ರೋಫ್ಯಾರಡ್, ವೋಲ್ಟ್, ವ್ಯಾಸ, ಎತ್ತರ, ಕಾಲುಗಳ ಅಂತರ ಮತ್ತು ನೆಗೆಟಿವ್ ಪಟ್ಟಿಯ ದಿಕ್ಕು ಬರೆದಿಡಿ. ಬೇರೆ ಕಾರಿನ ಪಟ್ಟಿ ನೋಡಿ ಸಾಮಾನು ತರಿಸಬೇಡಿ, ವರ್ಷಕ್ಕೆ ತಕ್ಕಂತೆ ಬೋರ್ಡ್ ಬೇರೆ. ಹೊಸದು 105 ಡಿಗ್ರಿ, ಕಡಿಮೆ ಇಎಸ್‌ಆರ್, 5,000 ಗಂಟೆ ಅಥವಾ ಮೇಲ್ಪಟ್ಟ ಬಾಳಿಕೆಯದ್ದಿರಲಿ. ತಾಪ 10 ಡಿಗ್ರಿ ಇಳಿದಂತೆ ಬಾಳಿಕೆ ಸುಮಾರು ದುಪ್ಪಟ್ಟಾಗುವುದರಿಂದ ಕ್ಯಾಬಿನ್ನಿನೊಳಗಿನ ಇಸಿಯುಗೆ ಇದು ಧಾರಾಳ ಸಾಕು. ವೋಲ್ಟೇಜ್ ಮೂಲದಷ್ಟೇ ಅಥವಾ ಹೆಚ್ಚು. ಬ್ಯಾಟರಿ ಬದಿಯದ್ದಕ್ಕೆ ‘12 ವೋಲ್ಟ್ ತಾನೇ’ ಎಂದು 16 ವೋಲ್ಟಿನದು ಹಾಕಿದರೆ, ಆಲ್ಟರ್ನೇಟರ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲವಾದ ದಿನ ವೋಲ್ಟೇಜ್ ಜಿಗಿದು ಅದು ಸುಡಬಹುದು. ಪಾಲಿಮರ್ ಕೆಪಾಸಿಟರ್ ಹಾಕುವ ಹುರುಪು ಇಲ್ಲಿ ಬೇಡ. ಹಳೆಯ ವೋಲ್ಟೇಜ್ ರೆಗ್ಯುಲೇಟರ್‌ಗಳಲ್ಲಿ ಕೆಲವು ಅತಿ ಕಡಿಮೆ ಇಎಸ್‌ಆರ್‌ಗೆ ಅಸ್ಥಿರವಾಗುತ್ತವೆ, ಸದಾ ವಿದ್ಯುತ್ ಇರುವ ಸಾಲಿನಲ್ಲಿ ಸೋರಿಕೆ ಕರೆಂಟೂ ಹೆಚ್ಚು.

ಕೀಳುವಾಗ ಹಾಳಾಗುವ ಬೋರ್ಡುಗಳೇ ಜಾಸ್ತಿ. ಮೇಲೆ ರಕ್ಷಣೆಯ ಲೇಪ ಇರುತ್ತದೆ, ಮೊದಲು ಅದನ್ನು ಕೆರೆದು ತೆಗೆಯಿರಿ. ಎಲೆಕ್ಟ್ರೋಲೈಟ್ ತಿಂದ ಬೆಸುಗೆ ಸುಲಭಕ್ಕೆ ಕರಗದು, ಫ್ಲಕ್ಸ್ ಹಚ್ಚಿ ಹೊಸ 63/37 ಸೀಸದ ಸೋಲ್ಡರ್ ಸೇರಿಸಿ, ಸುಮಾರು 350 ಡಿಗ್ರಿಯಲ್ಲಿ ಎರಡೂ ಕೂಡಿ ಕರಗಿದ ಮೇಲೆ ಪಂಪಿನಿಂದ ಎಳೆಯಿರಿ. ಅರ್ತ್ ಕಡೆಯ ಕಾಲು ಅಗಲದ ತಾಮ್ರಕ್ಕೆ ಅಂಟಿರುವುದರಿಂದ ಬಿಸಿ ನಿಲ್ಲುವುದಿಲ್ಲ. ದಪ್ಪ ತುದಿ ಬಳಸಿ, ಒತ್ತಿ ಅಲ್ಲಾಡಿಸಬೇಡಿ. ರಂಧ್ರದ ಒಳಗಿನ ತಾಮ್ರದ ತೋಳು ಕಿತ್ತುಬಂದರೆ ಮೇಲಿನ ಟ್ರ್ಯಾಕ್‌ಗೂ ಕೆಳಗಿನ ಟ್ರ್ಯಾಕ್‌ಗೂ ಸಂಬಂಧ ತಪ್ಪುತ್ತದೆ, ಆಗ ಎರಡೂ ಬದಿ ಬೆಸುಗೆ ಬೇಕು.

ಈಗ ತೊಳೆಯುವುದು. ಈ ದ್ರವ ಕ್ಷಾರಗುಣದ್ದು, ಬರೀ ಆಲ್ಕೊಹಾಲ್‌ನಿಂದ ಒರೆಸಿದರೆ ಸಾಲದು. ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಆ ಜಾಗ ಮಾತ್ರ ಉಜ್ಜಿ, ಡಿಸ್ಟಿಲ್ಡ್ ನೀರಿನಿಂದ ಎರಡು ಮೂರು ಸಲ ತೊಳೆದು, ಕೊನೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ನೀರು ಹೊರಡಿಸಿ. 50–60 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ. ಪಕ್ಕದ ಐಸಿಯ (ಚಿಪ್‌ನ) ಹೊಟ್ಟೆಯಡಿ ಹರಿದಿರುವ ದ್ರವವೇ ಮುಂದೆ ಕಾಡುವುದು: ಕಾರು ತಿಂಗಳುಗಟ್ಟಲೆ ಸರಿಯಾಗಿ ಓಡಿ, ತೇವದ ದಿನಗಳಲ್ಲಿ ಹಳೆಯ ಚಾಳಿ ಮರಳುತ್ತದೆ. ಅಂಥ ಕಡೆ ಐಸಿ ಎತ್ತಿ ತೊಳೆಯುವುದೇ ದಾರಿ. ಟ್ರ್ಯಾಕ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಒಂದೊಂದಾಗಿ ಪರೀಕ್ಷಿಸಿ, ತುಂಡಾದಲ್ಲಿ 0.25 ಮಿ.ಮೀ. ತಾಮ್ರದ ಇನ್ಸುಲೇಟೆಡ್ ವೈರು ಹಾಕಿ. ಕಪ್ಪಾಗಿದ್ದರೂ ಇನ್ನೂ ವಿದ್ಯುತ್ ಹರಿಯುವ ಟ್ರ್ಯಾಕ್‌ಗೂ ವೈರು ಹಾಕುವುದು ಜಾಣತನ. ಎಲ್ಲ ಮುಗಿದ ಮೇಲೆ ಅಕ್ರಿಲಿಕ್ ಲೇಪ ಸಿಂಪಡಿಸಿ, ಕನೆಕ್ಟರ್ ಪಿನ್‌ಗಳನ್ನು ಟೇಪಿನಿಂದ ಮುಚ್ಚಿಕೊಂಡೇ.

ಹೀಗೆ ಮಾಡಿದ ಬೋರ್ಡ್ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ, ಐಡ್ಲಿಂಗ್ ನಿಂತ ನೀರಿನಂತೆ. ಬದಲಾಗದೆ ಉಳಿಯುವ ದೂರುಗಳೂ ಇವೆ. ಎರಡು ಡಿಸ್ಟ್ರಿಬ್ಯೂಟರ್, ಎರಡು ಕಾಯಿಲ್ ಇರುವ ಎಂಜಿನ್ ಇದು. ಒಂದು ಕಡೆಯ ಕ್ಯಾಪ್ ಸವೆದಿದ್ದರೆ ಹೊಸ ಕೆಪಾಸಿಟರ್ ಏನೂ ಮಾಡದು. ಐಡ್ಲ್ ವಾಲ್ವ್‌ನ ಸುರುಳಿಗಳು 10ರಿಂದ 30 ಓಮ್ ತೋರಿಸಬೇಕು. ಸುರುಳಿ ಶಾರ್ಟ್ ಆಗಿ ಇಸಿಯು ಒಳಗೆ ಅದನ್ನು ನಡೆಸುವ ಡ್ರೈವರ್ ಚಿಪ್ ಸುಟ್ಟಿದ್ದರೆ, ವಾಲ್ವ್ ಬದಲಿಸದೆ ಡ್ರೈವರ್ ಮಾತ್ರ ಬದಲಿಸಿದವರು ಅದನ್ನು ಎರಡನೇ ಸಲವೂ ಸುಡುತ್ತಾರೆ.

ಗುಜರಿಯಿಂದ ತಂದ ಇನ್ನೊಂದು ಇಸಿಯು ಅಗ್ಗದ ದಾರಿಯಂತೆ ಕಾಣುತ್ತದೆ. 89661ರಿಂದ ಶುರುವಾಗುವ ಪಾರ್ಟ್ ನಂಬರ್ ಕೊನೆಯ ಅಂಕಿಯವರೆಗೆ ಹೊಂದಿದರೂ ಅದರೊಳಗಿನ ಕೆಪಾಸಿಟರ್‌ಗಳಿಗೂ ಅದೇ ವಯಸ್ಸು. ತಂದರೂ ತೆರೆದು ಇದೇ ಕೆಲಸ ಮಾಡಬೇಕು. ಯಾರಿಗಾದರೂ ರಿಪೇರಿಗೆ ಕೊಡುವುದಾದರೆ ತೊಳೆದ ನಂತರದ, ಲೇಪ ಹಾಕುವ ಮುನ್ನಿನ ಫೋಟೋ ಕೇಳಿ, ಕಿತ್ತ ಕೆಪಾಸಿಟರ್‌ಗಳನ್ನು ವಾಪಸ್ ಕೊಡಲು ಹೇಳಿ. ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಕಾರಾದರೆ ಅದರ ಇಸಿಯುವನ್ನೂ ಅದೇ ದಿನ ತೆರೆಯಿರಿ. ಅದೇ ಕಾಲದ ಕೆಪಾಸಿಟರ್ ಅಲ್ಲೂ ಕೂತಿರುತ್ತದೆ, ಐರನ್ ಹೇಗೂ ಬಿಸಿಯಾಗಿರುತ್ತದೆ.