ಭಾವಚಿತ್ರ ಬಂತು, ಲೋಟ ಬರಲಿಲ್ಲ: ವಾರಾಂತ್ಯದ ಡ್ರಾಯಿಂಗ್ ಕ್ಲಾಸಿಗೆ ದುಡ್ಡು ಕಟ್ಟುವ ಮುನ್ನ

ಬೆಂಗಳೂರಿನಲ್ಲಿ ಶನಿವಾರ, ಭಾನುವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಬೇಕೆಂದಿದ್ದರೆ, ಅಥವಾ ಮಕ್ಕಳನ್ನು ಸೇರಿಸಬೇಕೆಂದಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ‘ಮೂರು ತಿಂಗಳಲ್ಲಿ ಡ್ರಾಯಿಂಗ್ ಬೇಸಿಕ್ಸ್, ಜೊತೆಗೆ ಕಲಾ ಇತಿಹಾಸ’ ಎಂದು ಹೇಳಿಕೊಂಡ ದಕ್ಷಿಣ ಬೆಂಗಳೂರಿನ ಒಂದು ಕ್ಲಾಸಿನಲ್ಲಿ ಹನ್ನೆರಡು ವಾರ ಕೂತು ಬಂದವರ ಹಾಳೆಗಳನ್ನು ನೋಡಿದ ಮೇಲೆ ಬರೆಯುತ್ತಿರುವುದು ಇದು. ಕ್ಲಾಸಿನ ಹೆಸರು ಹಾಕುತ್ತಿಲ್ಲ. ಇದೇ ಪಾಠ ಊರಿನ ಬೇರೆ ಬಡಾವಣೆಗಳಲ್ಲೂ ನಡೆಯುತ್ತದೆ, ಗುರುತು ಹಿಡಿಯುವುದು ಗೊತ್ತಾದರೆ ಸಾಕು.

ಕೊನೆಯ ದಿನ ಎಲ್ಲರ ಕೈಯಲ್ಲೂ ಫ್ರೇಮ್ ಹಾಕಿಸಿದ ಒಂದೊಂದು ಭಾವಚಿತ್ರ ಇತ್ತು. ಹೆಚ್ಚಿನವರದು ಅಪ್ಪು, ಕೆಲವರದು ಅಜ್ಜಿ, ತಾತ. ರೆಪ್ಪೆಕೂದಲು, ತುಟಿಯ ಹೊಳಪು ಎಲ್ಲ ಚೆನ್ನಾಗಿಯೇ ಬಂದಿತ್ತು. ಅದೇ ಜನರ ಎದುರು ಒಂದು ಸ್ಟೀಲ್ ಲೋಟ ಇಟ್ಟು, ನೋಡಿ ಬರೆಯಿರಿ ಎಂದರೆ ಎಲ್ಲರೂ ಒಂದೇ ಥರ ತಪ್ಪಿದರು. ಲೋಟದ ಬಾಯಿ ಎರಡೂ ತುದಿಯಲ್ಲಿ ಚೂಪಾಗಿ, ಬಾದಾಮಿ ಬೀಜದ ಹಾಗೆ. ತಳ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ. ಬಾಯಿ ದುಂಡಗಿದೆ, ತಳ ಮೇಜಿನ ಮೇಲೆ ಸಮವಾಗಿ ಕೂತಿದೆ ಎಂದು ತಲೆಗೆ ಗೊತ್ತಿರುವುದನ್ನು ಕೈ ಬರೆದಿತ್ತು, ಕಣ್ಣಿಗೆ ಕಂಡದ್ದನ್ನಲ್ಲ. ಕಣ್ಣಿಗೆ ಕಾಣುವುದು ಎರಡು ದೀರ್ಘವೃತ್ತಗಳು. ತುದಿ ಎಷ್ಟೇ ಕಿರಿದಾದರೂ ಅಲ್ಲಿ ಮೂಲೆ ಇರುವುದಿಲ್ಲ, ಗೆರೆ ತಿರುಗಿಯೇ ಬರುತ್ತದೆ. ಬಾಯಿ ಕಣ್ಣಿನ ಮಟ್ಟಕ್ಕೆ ಹತ್ತಿರ ಇರುವುದರಿಂದ ಚಪ್ಪಟೆ. ತಳ ಇನ್ನೂ ಕೆಳಗಿರುವುದರಿಂದ, ಅಳತೆಯಲ್ಲಿ ಚಿಕ್ಕದಾದರೂ, ಬಾಯಿಗಿಂತ ದುಂಡಗೆ ಕಾಣುತ್ತದೆ. ಇಷ್ಟನ್ನು ಮೊದಲ ಎರಡು ವಾರದಲ್ಲೇ ಕಲಿಸಬೇಕು.

ಹಾಗಾದರೆ ಹನ್ನೆರಡು ವಾರ ಏನು ನಡೆಯಿತು? ಮೊಬೈಲ್ ಫೋಟೊದ ಎ4 ಪ್ರಿಂಟಿನ ಮೇಲೆ 2 ಸೆಂಟಿಮೀಟರ್ ಚೌಕ, ಎ3 ಹಾಳೆಯ ಮೇಲೆ 2.8 ಸೆಂಟಿಮೀಟರ್ ಚೌಕ. ಇಲ್ಲಿನ ಒಂದೊಂದು ಚೌಕವನ್ನು ಅಲ್ಲಿಗೆ ದಾಟಿಸುವುದು, ಅಷ್ಟೇ. ಚೌಕ ಹಾಕುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಚಿಕ್ಕ ಚಿತ್ರವನ್ನು ಗೋಡೆಗೆ ದೊಡ್ಡದು ಮಾಡಲು ಕಲಾವಿದರು ಹಿಂದಿನಿಂದಲೂ ಅದನ್ನೇ ಬಳಸಿದ್ದಾರೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 16ನೇ ಶತಮಾನದಲ್ಲಿ ಮಾಡಿದ ಒಂದು ಮರದಚ್ಚಿನ ಚಿತ್ರದಲ್ಲಿ ಕಲಾವಿದನಿಗೂ ಎದುರು ಮಲಗಿದವಳಿಗೂ ನಡುವೆ ಚೌಕಳಿಯ ಚೌಕಟ್ಟೇ ನಿಂತಿದೆ. ಆದರೆ ಅಲ್ಲಿ ಎದುರಿಗಿರುವುದು ಮೈಯುಳ್ಳ ಮನುಷ್ಯಳು. ಉದ್ದ, ಅಗಲ, ಆಳ ಮೂರೂ ಇರುವುದನ್ನು ಸಪಾಟಾದ ಹಾಳೆಗೆ ಇಳಿಸುವ ಕಷ್ಟ ಕಲಾವಿದನ ಪಾಲಿಗೇ ಉಳಿದಿದೆ. ಫೋಟೊದಲ್ಲಿ ಆ ಕೆಲಸವನ್ನು ಕ್ಯಾಮೆರಾ ಮುಗಿಸಿಬಿಟ್ಟಿರುತ್ತದೆ. ಕಲಿಯಲು ಬಂದದ್ದೇ ಆ ಕೆಲಸವನ್ನು. ಸಾಲದ್ದಕ್ಕೆ, ಹತ್ತಿರದಿಂದ ತೆಗೆದ ಮೊಬೈಲ್ ಫೋಟೊದಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ, ನೆರಳನ್ನು ಫೋನು ತಾನಾಗಿಯೇ ತಿಳಿಯಾಗಿಸಿರುತ್ತದೆ. ನಕಲು ಮಾಡುವವರು ಆ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತಾರೆ.

ಪೆನ್ಸಿಲ್ ಹಿಡಿದು ಅಳೆಯುವುದನ್ನು ಹೇಳಿಕೊಟ್ಟಿದ್ದರಂತೆ, ಒಂದೇ ಒಂದು ದಿನ. ಆದರೆ ಮೊಣಕೈ ಮಡಚಿಕೊಂಡು ಅಳೆಯುತ್ತಿದ್ದವರನ್ನು ಯಾರೂ ತಿದ್ದಿರಲಿಲ್ಲ. ತೋಳು ಪೂರ್ತಿ ಚಾಚಿರಬೇಕು, ಒಂದು ಕಣ್ಣು ಮುಚ್ಚಿರಬೇಕು, ಪೆನ್ಸಿಲ್ ನಿಮ್ಮ ನೋಟಕ್ಕೆ ಅಡ್ಡವಾಗಿ ಇರಬೇಕು, ಎದುರಿಗಿರುವ ವಸ್ತುವಿನ ಕಡೆಗೆ ವಾಲಬಾರದು. ಮೊಣಕೈ ಮಡಚಿದರೆ ಕಣ್ಣಿಗೂ ಪೆನ್ಸಿಲ್ಲಿಗೂ ಇರುವ ದೂರ ಪ್ರತಿ ಸಲ ಬದಲಾಗುತ್ತದೆ, ಅಂದರೆ ಅಳತೆಗೋಲೇ ಬದಲಾಗುತ್ತದೆ. ಲೋಟದ ಬಾಯಿಯ ಅಗಲ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ ಎಂದು ಎಣಿಸಿದಾಗ ಒಮ್ಮೆ ಒಂದೂವರೆ, ಇನ್ನೊಮ್ಮೆ ಎರಡು ಬರುವುದು ಇದರಿಂದಲೇ.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಶೇಡಿಂಗ್. ಎರಡನೇ ವಾರದಿಂದಲೇ 6ಬಿ ಎಂಬ ತೀರ ಮೆತ್ತನೆಯ, ಕಪ್ಪು ಪೆನ್ಸಿಲ್ ಉಜ್ಜಿ ಬೆರಳಿನಿಂದಲೋ ಟಿಶ್ಯೂವಿನಿಂದಲೋ ತಿಕ್ಕುವ ಅಭ್ಯಾಸ. ಮೊದಲ ದಿನ ಇದು ಮೋಡಿ ಮಾಡಿದ ಹಾಗೆ ಕಾಣುತ್ತದೆ, ಕೆನ್ನೆ ನುಣ್ಣಗಾಗುತ್ತದೆ. ಆದರೆ ಕಾಗದದ ಮೇಲ್ಮೈಯಲ್ಲಿ ಸಣ್ಣ ತಗ್ಗು, ದಿಬ್ಬಗಳಿರುತ್ತವೆ. ತಿಕ್ಕಿದಾಗ ಗ್ರಾಫೈಟ್ ತಗ್ಗುಗಳನ್ನೆಲ್ಲ ತುಂಬಿಕೊಳ್ಳುತ್ತದೆ, ಮೇಲೆ ಬರೆದದ್ದು ಹಿಡಿಯದೆ ಜಾರುತ್ತದೆ. ಬೆರಳಿನ ಎಣ್ಣೆ ಸೇರಿದ ಜಾಗದಲ್ಲಿ ರಬ್ಬರ್ ಕೂಡ ಪೂರ್ತಿ ಎತ್ತುವುದಿಲ್ಲ. ಇನ್ನೂ ಕಪ್ಪಾಗಲಿ ಎಂದು ಒತ್ತಿದರೆ ಗ್ರಾಫೈಟ್ ಹೊಳೆಯಲು ಶುರುವಾಗಿ, ಲೈಟಿನ ಕೆಳಗೆ ಕಪ್ಪು ಇರಬೇಕಾದ ಜಾಗವೇ ಬೆಳ್ಳಗೆ ಮಿನುಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಎಂದರೆ, ಮೈ ಎಲ್ಲಿ ತಿರುಗಿತು, ನೆರಳು ಎಲ್ಲಿ ಶುರುವಾಯಿತು ಎಂದು ಕೈ ತೀರ್ಮಾನ ಮಾಡುವುದನ್ನೇ ಕಲಿಯುವುದಿಲ್ಲ. ಎಲ್ಲ ಅಂಚೂ ಮಸುಕು.

ಸರಿಯಾಗಿ ಕಲಿಸುವವರು ಬಣ್ಣವಿಲ್ಲದ, ಹೊಳಪಿಲ್ಲದ ವಸ್ತುವಿನಿಂದ ಶುರು ಮಾಡಿಸುತ್ತಾರೆ. ಪಾಟರಿ ಟೌನಿನಲ್ಲಿ ಸಿಗುವ ಪಾಲಿಶ್ ಇಲ್ಲದ ಒಂದು ಮಣ್ಣಿನ ಕುಡಿಕೆ ಸಾಕು. ರೂಮಿನ ಟ್ಯೂಬ್‌ಲೈಟ್ ಆರಿಸಿ, ಒಂದೇ ಟೇಬಲ್ ಲ್ಯಾಂಪನ್ನು ಪಕ್ಕದಿಂದ, ಸ್ವಲ್ಪ ಮೇಲಿನಿಂದ ಹಾಕಬೇಕು. ಎರಡು ಕಡೆಯಿಂದ ಬೆಳಕು ಬಿದ್ದರೆ ಎರಡು ನೆರಳು ಬಿದ್ದು ಹೊಸಬರಿಗೆ ಏನೂ ತಿಳಿಯುವುದಿಲ್ಲ. ಮೊದಲು ಹಾಳೆಯ ಅಂಚಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಐದು ಚೌಕಗಳ ಪಟ್ಟಿ, ತಿಕ್ಕದೆ, ಬರೀ ಗೆರೆಗಳನ್ನು ಒತ್ತೊತ್ತಾಗಿ ಎಳೆದು. ಆಮೇಲೆ ಕುಡಿಕೆಯಲ್ಲಿ ಬೆಳಕು ಮುಗಿದು ನೆರಳು ಶುರುವಾಗುವ ಗಡಿಯನ್ನು ಕಣ್ಣು ಕಿರಿದು ಮಾಡಿ ಹುಡುಕಿ, ತೆಳುವಾಗಿ ಗೆರೆ ಎಳೆದು, ನೆರಳಿನ ಭಾಗಕ್ಕೆಲ್ಲ ಒಂದೇ ಮಟ್ಟದ ಕಪ್ಪು. ಮೇಜಿನಿಂದ ಹಿಮ್ಮರಳಿ ಬೀಳುವ ಬೆಳಕನ್ನು ಕೊನೆಗೆ ನೋಡಿಕೊಳ್ಳಬೇಕು, ಅದನ್ನು ಎಂದೂ ಬೆಳಕಿನ ಭಾಗದಷ್ಟು ತಿಳಿ ಮಾಡಬಾರದು. ಮಾಡಿದರೆ ಕುಡಿಕೆ ತಗಡಿನದ್ದಾಗಿಬಿಡುತ್ತದೆ.

ಇನ್ನು ಕಲಾ ಇತಿಹಾಸ. ನಾಲ್ಕು ಭಾನುವಾರ, ಕತ್ತಲೆ ಮಾಡಿದ ರೂಮಿನಲ್ಲಿ ಸ್ಲೈಡುಗಳು. ಹೆಸರು, ಇಸವಿ, ಮುಂದಿನ ಸ್ಲೈಡು. ಕೊಟ್ಟ ನೋಟ್ಸಿನಲ್ಲಿ ‘ಪರ್ಸ್ಪೆಕ್ಟಿವ್ ಕಂಡುಹಿಡಿದವನು ಲಿಯೊನಾರ್ಡೊ’ ಎಂದಿತ್ತು. ಪರ್ಸ್ಪೆಕ್ಟಿವ್ ಎಂದರೆ ದೂರ ಹೋದಂತೆ ವಸ್ತು ಚಿಕ್ಕದಾಗಿ, ಗೆರೆಗಳು ಒಂದು ಬಿಂದುವಿಗೆ ಸೇರುವಂತೆ ಬರೆಯುವ ವಿಧಾನ. ಲಿಯೊನಾರ್ಡೊ ಹುಟ್ಟಿದ್ದೇ 1452ರಲ್ಲಿ. ಅದಕ್ಕೂ ಮೊದಲೇ ಫ್ಲಾರೆನ್ಸಿನ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಅದನ್ನು ಮಾಡಿ ತೋರಿಸಿದ್ದ, 1435ರಲ್ಲಿ ಆಲ್ಬರ್ಟಿ ಅದರ ವಿಧಾನವನ್ನು ಬರೆದಿಟ್ಟಿದ್ದ. ಭಾರತದ ಕಲೆ ಎಂದರೆ ಅಜಂತಾದ ಒಂದು ಸ್ಲೈಡು, ಅಲ್ಲಿಂದ ನೇರ ರವಿವರ್ಮ. ಕರ್ನಾಟಕದ್ದು ಒಂದೂ ಇಲ್ಲ. ಬೆಂಗಳೂರಿನಲ್ಲಿ ಕೂತು ಕಲಾ ಇತಿಹಾಸ ಹೇಳುವವರು ನಮ್ಮದೇ ಕಲಾವಿದ ಕೆ. ವೆಂಕಟಪ್ಪನವರ ಹೆಸರೆತ್ತದಿರುವುದು ನೋವಿನ ಸಂಗತಿ.

ನೋಟ್ಸಿನ ತಪ್ಪನ್ನು ತಿದ್ದಿಕೊಳ್ಳಬಹುದು. ತಿದ್ದಲಾಗದ್ದು, ಶನಿವಾರದ ಕೈಗೂ ಭಾನುವಾರದ ಕಣ್ಣಿಗೂ ಸಂಬಂಧವೇ ಇಲ್ಲದಂತೆ ಮಾಡಿದ್ದು. ಗೆರೆಯಿಂದ ಶೇಡ್ ಮಾಡುವ ವಾರದಲ್ಲೇ ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಗೆಂದೇ ಇರುವ ಚಿತ್ರಸೂತ್ರ ಎಂಬ ಭಾಗ ಹೇಳುವ ಮೂರು ಬಗೆಯ ವರ್ತನೆಯನ್ನು, ಅಂದರೆ ಶೇಡಿಂಗನ್ನು, ಹೇಳಬೇಕು: ಎಲೆಯ ನರಗಳಂಥ ಗೆರೆಗಳ ಪತ್ರಜ, ತೀರ ಸೂಕ್ಷ್ಮ ಗೆರೆಗಳ ಐರಿಕ, ಚುಕ್ಕೆಗಳ ಬಿಂದುಜ. ಆಗ ತನ್ನ ಹಾಳೆಯ ಮೇಲಿನ ಗೆರೆಗಳಿಗೆ ಎಷ್ಟು ಹಳೆಯ ಬೇರಿದೆ ಎಂದು ಕಲಿಯುವವರಿಗೆ ಹೊಳೆಯುತ್ತದೆ. ಅದೇ ವಾರ ಇಟಲಿಯ ಚಿತ್ರಕಾರ ಕಾರವಾಜ್ಜೊನ ಒಂದು ಚಿತ್ರವನ್ನೂ ಅಜಂತಾದ ಒಂದು ಮುಖವನ್ನೂ ಅಕ್ಕಪಕ್ಕ ಇಟ್ಟರೆ, ಒಂದರಲ್ಲಿ ಪಕ್ಕದಿಂದ ಬೀಳುವ ಬೆಳಕು, ಇನ್ನೊಂದರಲ್ಲಿ ನೆಲಕ್ಕೆ ನೆರಳೇ ಬೀಳದೆ ಮೈಯ ಉಬ್ಬು ಮಾತ್ರ ಕಾಣುವ ಬಗೆ, ಎರಡೂ ಕಣ್ಣಿಗೆ ಬೀಳುತ್ತವೆ.

ಬರೀ ಗೆರೆಯ ವಾರಕ್ಕೆ ಲೇಪಾಕ್ಷಿಯ 16ನೇ ಶತಮಾನದ ಚಾವಣಿ ಚಿತ್ರಗಳು, ಜೊತೆಗೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳು. ನಾಲ್ಕಾರು ಗೆರೆಗಳಲ್ಲಿ ನರ್ತಕಿಯ ಇಡೀ ಭಾರ ಯಾವ ಕಾಲಿನ ಮೇಲಿದೆ ಎಂದು ಗೊತ್ತಾಗುತ್ತದೆ. ಅದನ್ನು ನೋಡಿದ ಮೇಲೆ ಒಂದು ನಿಮಿಷದ ಸ್ಕೆಚ್ಚುಗಳನ್ನು ಇಪ್ಪತ್ತು ಮಾಡಿಸಬೇಕು. ಪರ್ಸ್ಪೆಕ್ಟಿವ್ ವಾರಕ್ಕೆ ಹಲಸೂರಿನ ಸೋಮೇಶ್ವರ ದೇವಸ್ಥಾನ. ಅನುಮತಿ ಕೇಳಿಕೊಂಡು ಕಂಬಸಾಲಿನ ಎದುರು ನಿಂತು ಒಮ್ಮೆ, ನೆಲದ ಮೇಲೆ ಕೂತು ಒಮ್ಮೆ ಬರೆದರೆ, ಕಣ್ಣಿನ ಮಟ್ಟ ಇಳಿದಾಗ ಗೆರೆಗಳು ಸೇರುವ ಬಿಂದುವೂ ಇಳಿಯುವುದು ಕಾಣುತ್ತದೆ. ಅಲ್ಲಿಂದ ಬಂದು ಮೈಸೂರು ಶೈಲಿಯ ಚಿತ್ರ ನೋಡಲಿ. ದೇವರು ದೊಡ್ಡದು, ಪಕ್ಕದಲ್ಲಿ ಕೈಮುಗಿದವರು ಚಿಕ್ಕವರು. ಅಲ್ಲಿ ಗಾತ್ರವನ್ನು ತೀರ್ಮಾನಿಸುವುದು ದೂರವಲ್ಲ, ಮಹತ್ವ. ಪರ್ಸ್ಪೆಕ್ಟಿವ್ ಒಂದು ಆಯ್ಕೆ ಎಂದು ಹೀಗೆ ನೋಡಿದಾಗಲೇ ಮನಸ್ಸಿಗೆ ಹತ್ತುವುದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಹನ್ನೆರಡು ವಾರದಲ್ಲಿ ಒಂದು ಸಲವೂ ಅಲ್ಲಿಗೆ ಕರೆದೊಯ್ಯದ ಕ್ಲಾಸು ಇತಿಹಾಸದ ಹೆಸರಲ್ಲಿ ದುಡ್ಡು ಕೇಳಬಾರದು.

ದುಡ್ಡಿನ ವಿಷಯ ಬೇಗ ಹೇಳುತ್ತೇವೆ. ಪೂರ್ತಿ ಫೀಸು ಮುಂಗಡ ಕೇಳಿದರೆ, ಎರಡು ಕ್ಲಾಸು ನೋಡಿ ಕಟ್ಟುತ್ತೇವೆ ಎನ್ನಿ. ಒಪ್ಪದಿದ್ದರೆ ಬಿಡಿ. ಅವರೇ ಮಾರುವ ಇಪ್ಪತ್ನಾಲ್ಕು ಪೆನ್ಸಿಲ್ಲಿನ ಕಿಟ್ ಬೇಡ. ಎಚ್‌ಬಿ, 2ಬಿ, 4ಬಿ ಒಂದೊಂದು, ಹಿಟ್ಟಿನ ಹಾಗೆ ನಾದಬಹುದಾದ ಪುಟ್ಟಿ ರಬ್ಬರ್, ಡ್ರಾಯಿಂಗ್ ಬೋರ್ಡು, ಎರಡು ಕ್ಲಿಪ್ಪು, 130ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ದಪ್ಪನೆಯ ಕಾರ್ಟ್ರಿಜ್ ಹಾಳೆ, ರಫ್ ಸ್ಕೆಚ್ಚಿಗೆ ಅಗ್ಗದ ನ್ಯೂಸ್‌ಪ್ರಿಂಟ್. ಎಲ್ಲ ಅವೆನ್ಯೂ ರಸ್ತೆಯಲ್ಲಿ ಸಿಗುತ್ತದೆ. ಜೆರಾಕ್ಸ್ ಹಾಳೆ ನುಣುಪು, ಗ್ರಾಫೈಟ್ ಅದರ ಮೇಲೆ ನಿಲ್ಲುವುದಿಲ್ಲ. ಜನವರಿಯ ಚಿತ್ರಸಂತೆಯಲ್ಲಿ ಮಳಿಗೆ ಕೊಡಿಸುತ್ತೇವೆ ಎಂಬ ಮಾತನ್ನೂ ನಂಬಬೇಡಿ, ಮಳಿಗೆ ಹಂಚುವುದು ಚಿತ್ರಕಲಾ ಪರಿಷತ್ತು. ಸೇರುವ ಮುನ್ನ ಹಳೆಯ ವಿದ್ಯಾರ್ಥಿಗಳ ಫ್ರೇಮ್ ಹಾಕಿದ ಚಿತ್ರಗಳ ಬದಲು ನಾಲ್ಕನೇ ವಾರದ ರಫ್ ಪುಸ್ತಕ ತೋರಿಸಿ ಎಂದು ಕೇಳಿ. ಅದರಲ್ಲಿ ಕುರ್ಚಿ, ಚಪ್ಪಲಿ, ಪಾತ್ರೆ, ಕೈ ಇವೆಯೇ? ಅಳಿಸಿ ತಿದ್ದಿದ ಗುರುತುಗಳಿವೆಯೇ? ಬರೀ ಮುಖಗಳಿದ್ದರೆ ಎದ್ದು ಬನ್ನಿ.

ಇಂಥ ಕ್ಲಾಸು ಈಗಾಗಲೇ ಮುಗಿಸಿದ್ದರೆ ಕಲಿತದ್ದನ್ನು ಬಿಡಿಸಿಕೊಳ್ಳಲು ಒಂದು ತಿಂಗಳು ಸಾಕಾಗುತ್ತದೆ. ಫೋಟೊ, ಟಿಶ್ಯೂ, 6ಬಿ ಮೂರನ್ನೂ ಎತ್ತಿಡಿ. ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಲೋಟ, ಎಚ್‌ಬಿ ಪೆನ್ಸಿಲ್, ಶೇಡಿಂಗ್ ಇಲ್ಲ. ಲೋಟದ ನಡುವೆ ನೇರವಾಗಿ ಒಂದು ಗೆರೆ ಹಾಕಿ ಎರಡೂ ಬದಿಯನ್ನು ಅದರಿಂದಲೇ ಅಳೆಯಿರಿ. ಕಾಣದ ಹಿಂದಿನ ಅಂಚನ್ನೂ ಸೇರಿಸಿ ತಳದ ದೀರ್ಘವೃತ್ತವನ್ನು ಪೂರ್ತಿ ಬರೆಯಿರಿ. ಮುಗಿದ ಮೇಲೆ ಹಾಳೆಯನ್ನು ಕನ್ನಡಿಗೆ ಹಿಡಿಯಿರಿ. ಓರೆಯಾದ ಬದಿ ಅಲ್ಲಿ ತಕ್ಷಣ ಕಾಣುತ್ತದೆ. ಅದನ್ನು ಅದೇ ಹಾಳೆಯಲ್ಲಿ ತಿದ್ದಿ, ತಾರೀಖು ಹಾಕಿ, ಮರುದಿನ ಲೋಟವನ್ನು ನೆಲದ ಮೇಲಿಟ್ಟು ಮತ್ತೆ ಬರೆಯಿರಿ.